ಮಿರಜಿಗೆ ಬರೆದ ಚೀಟಿ

ನನ್ನ ಅಕ್ಕ ಯಲ್ಲವ್ವ ಸತ್ತದ್ದು ಗೋಕಾಕ ರೋಡ್ ರೈಲು ನಿಲ್ದಾಣದ ಹೊರಗೆ, ಒಂದು ಬೇವಿನ ಗಿಡದ ಕೆಳಗೆ. ಸ್ವಾತಂತ್ರ್ಯ ಬಂದ ವರ್ಷ ಅದು. ಅಕ್ಕನಿಗೆ ಚೊಚ್ಚಲ ಹೆರಿಗೆ. ಕುಲಗೋಡದ ನಮ್ಮ ಕೇರಿಯಲ್ಲಿ ಎರಡು ದಿನ ನೋವು ತಿಂದಳು. ಕೂಸಿನ ಒಂದು ಕೈ ಮಾತ್ರ ಹೊರಗೆ ಬಂದಾಗ ಸೂಲಗಿತ್ತಿ, ಇನ್ನು ನನ್ನಿಂದ ಆಗುವುದಿಲ್ಲ ಎಂದಳು. ಅಪ್ಪ ಎತ್ತಿನ ಗಾಡಿ ಕೇಳಿ ತಂದ. ಗೋಕಾಕದ ದವಾಖಾನೆಯಲ್ಲಿ ಆಗ ಹೊಟ್ಟೆ ಕೊಯ್ಯುವ ಡಾಕ್ಟರೂ ಇರಲಿಲ್ಲ, ಅದಕ್ಕೆ ಬೇಕಾದ ಸಾಮಾನೂ ಇರಲಿಲ್ಲ. ಅಲ್ಲಿದ್ದ ಡಾಕ್ಟರು ಪಾಪ, ಒಳ್ಳೆಯವರು. ಅಕ್ಕನ ತಲೆ ಮುಟ್ಟಿ ನೋಡಿ, "ಮಿರಜಿಗೆ ಒಯ್ರಿ, ಅಲ್ಲಿ ದೊಡ್ಡ ದವಾಖಾನಿ ಐತಿ, ಚೀಟಿ ಬರದು ಕೊಡ್ತೀನಿ" ಎಂದರು. ನಾನು ಗೋಕಾಕದಲ್ಲೇ ಬೋರ್ಡಿಂಗಿನಲ್ಲಿದ್ದು ಮ್ಯಾಟ್ರಿಕ್ ಓದುತ್ತಿದ್ದೆ. ಸುದ್ದಿ ಕೇಳಿ ಸ್ಟೇಶನ್ನಿನವರೆಗೆ ಗಾಡಿಯ ಹಿಂದೆ ಓಡಿದೆ. ರೈಲಿನ ಸಿಳ್ಳು ಕೇಳಿಸುವಾಗ ಅವ್ವ ಅಕ್ಕನ ಬಾಯಿಗೆ ನೀರು ಬಿಡುತ್ತಿದ್ದಳು. ನೀರು ತುಟಿಯಿಂದ ಹೊರಗೆ ಹರಿಯಿತು.

ಡಾಕ್ಟರಾಗಬೇಕೆಂದು ನಾನು ಅಂದೇ ನಿಶ್ಚಯಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಅಂದು ನನಗೆ ಬಂದದ್ದು ಬರಿಯ ಸಿಟ್ಟು. ಯಾರ ಮೇಲೆ ಎಂಬುದೂ ತಿಳಿಯದ ಸಿಟ್ಟು. ಅಪ್ಪನ ಕೈಯಲ್ಲಿದ್ದ ಚೀಟಿಯನ್ನು ತೆಗೆದುಕೊಂಡು ಓದಿದೆ. ಇಂಗ್ಲಿಷಿನಲ್ಲಿ ಎರಡೇ ಸಾಲು. ಈ ಎರಡು ಸಾಲು ಬರೆಯುವ ಬದಲು ಕೊಯ್ಯಲು ಬರುವವನೊಬ್ಬ ಗೋಕಾಕದಲ್ಲಿ ಇರಬೇಕಾಗಿತ್ತು ಎನ್ನುವ ವಿಚಾರ ಆಮೇಲೆ, ಬೆಳಗಾವಿಯಲ್ಲಿ ಇಂಟರ್ ಓದುವಾಗ ನಿಧಾನವಾಗಿ ಮೂಡಿತು.

ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಪುಣೆಯಲ್ಲಿ ವೈದ್ಯಕೀಯ ಓದಿದೆ. ಕೊನೆಗೆ ಶಸ್ತ್ರಚಿಕಿತ್ಸೆಯ ವಿಭಾಗ ಕೇಳಿಕೊಂಡಾಗ ನಮ್ಮ ಪ್ರಾಧ್ಯಾಪಕರು ಬೇರೆ ದಾರಿ ತೋರಿಸಿದರು. ಆರೋಗ್ಯ ಇಲಾಖೆಯಲ್ಲಿ ಕುಳಿತು ಮಾಡುವ ಕೆಲಸವಿದೆ, ನಿನ್ನಂಥವನಿಗೆ ಅಲ್ಲಿ ತೊಂದರೆ ಕಡಿಮೆ ಎಂದರು. "ನಿನ್ನಂಥವನಿಗೆ" ಎಂದರೆ ಏನೆಂದು ಅವರೂ ಬಿಡಿಸಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಕ್ಕನ ಕಥೆ ಹೇಳಿದೆ. ಅವರು, ನಾಳೆ ಬೆಳಿಗ್ಗೆ ಏಳಕ್ಕೆ ಆಪರೇಶನ್ ಥಿಯೇಟರಿಗೆ ಬಾ ಎಂದರು. ನಾಲ್ಕು ದಿನ ಬರಿಯ ಗಂಟು ಹಾಕಿಸಿದರು. ನನ್ನ ಅಪ್ಪ ಬಾವಿಯಿಂದ ನೀರೆತ್ತುವ ತೊಗಲಿನ ಚೀಲಗಳನ್ನು ಹೊಲಿಯುತ್ತಿದ್ದ. ಅವನ ಜೊತೆ ಕುಳಿತು ನಾನೂ ಹೊಲಿದಿದ್ದೆ. ಪ್ರಾಧ್ಯಾಪಕರು ನನ್ನ ಗಂಟು ಎಳೆದು ನೋಡಿ, ಎಲ್ಲಿ ಕಲಿತೆ ಎಂದು ಕೇಳಿದರು. ನಾನು ನಿಜ ಹೇಳಿದೆ. ಅವರು ನಗಲಿಲ್ಲ. ಅದಕ್ಕೆ ಅವರನ್ನು ಇಂದಿಗೂ ನೆನೆಯುತ್ತೇನೆ.

ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ನನಗೆ ಗೋಕಾಕಕ್ಕೆ ನೇಮಕವಾಯಿತು. ನಾನೇ ಬೇಡಿ ಪಡೆದ ಊರು. ದವಾಖಾನೆಗೆ ಆಗ ಎಕ್ಸ್‌ರೇ ಇರಲಿಲ್ಲ, ರಕ್ತ ಕೊಡುವ ವ್ಯವಸ್ಥೆಯಿರಲಿಲ್ಲ. ಆಪರೇಶನ್ ಮೇಜನ್ನು ಊರಿನ ಗೊಂಬೆ ಮಾಡುವ ಬಡಿಗನೊಬ್ಬ ಮಾಡಿಕೊಟ್ಟ. ತಲೆಯ ಕಡೆ ತಗ್ಗಿಸಲು, ಎತ್ತಲು ಬರಬೇಕು ಎಂದು ಹೇಳಿದ್ದಕ್ಕೆ ಅವನು ಮರದ ಹಲ್ಲುಗಳ ಒಂದು ಚಕ್ರ ಕೂರಿಸಿದ್ದ. ನಾನಿರುವವರೆಗೂ ಆ ಮೇಜು ಒಮ್ಮೆಯೂ ಕೈಕೊಡಲಿಲ್ಲ. ರಬ್ಬರ್ ಕೈಗವಸುಗಳು ಹರಿದರೆ ಸೈಕಲ್ ಟ್ಯೂಬಿನಂತೆ ತೇಪೆ ಹಚ್ಚಿ, ಕುದಿಸಿ, ಮತ್ತೆ ಹಾಕಿಕೊಳ್ಳುತ್ತಿದ್ದೆವು. ನರ್ಸ್ ಸುಶೀಲಾಬಾಯಿ ಹೆರಿಗೆ ಕೋಣೆಗೂ ಥಿಯೇಟರಿಗೂ ಒಬ್ಬರೇ. ರೋಗಿಗೆ ಮಂಪರು ಕೊಡುವವನು ಕಂಪೌಂಡರ್ ಹುಸೇನಸಾಬ. ತಂತಿಯ ಮುಖವಾಡದ ಮೇಲೆ ಅರಿವೆ ಹಾಸಿ ಈಥರ್ ಹನಿ ಹನಿಯಾಗಿ ಬಿಡುತ್ತಿದ್ದ. ಅವನ ಕಣ್ಣು ರೋಗಿಯ ಉಸಿರಾಟದ ಮೇಲೆಯೇ ಇರುತ್ತಿತ್ತು. ಇದನ್ನು ಓದುವ ಹೊಸ ಡಾಕ್ಟರುಗಳಿಗೆ ನಗು ಬರಬಹುದು. ಆದರೆ ಆ ಕೋಣೆಯಲ್ಲಿ ಬದುಕಿ ಹೊರಗೆ ಹೋದವರೂ ಬಹಳ ಜನ ಇದ್ದಾರೆ. ಅವರ ಸುದ್ದಿ ಅವರ ಮನೆಯವರು ಹೇಳಿಕೊಳ್ಳುತ್ತಾರೆ. ನಾನು ಬರೆಯಬೇಕಾದದ್ದು ನನ್ನಿಂದ ಒಳಿತಾಗದವರ ಬಗ್ಗೆ.

ವಾರಕ್ಕೊಮ್ಮೆ, ಸಂತೆಯ ದಿನ, ನಾನೂ ಹುಸೇನಸಾಬನೂ ಮೂಡಲಗಿಗೆ ಹೋಗುತ್ತಿದ್ದೆವು. ಅಲ್ಲಿಯ ಚಿಕ್ಕ ದವಾಖಾನೆಯಲ್ಲಿ ಕುರು ಕೊಯ್ಯುವುದು, ಮುರಿದ ಕೈಗೆ ಪಟ್ಟಿ ಕಟ್ಟುವುದು ಇಂಥ ಕೆಲಸ. ಒಂದು ದಿನ ಒಬ್ಬ ಕುರಿ ಕಾಯುವ ಯುವಕ ಬಂದ. ಆಡುಗಳಿಗೆ ಸೊಪ್ಪು ಕಡಿಯಲು ಗಿಡ ಹತ್ತಿ ಬಿದ್ದಿದ್ದ. ಹೆಗಲ ಕೀಲು ತಪ್ಪಿತ್ತು. ಗಟ್ಟಿ ಆಳು. ಎಷ್ಟು ಎಳೆದರೂ ಕೀಲು ಕೂಡಲಿಲ್ಲ, ನೋವಿಗೆ ಮೈ ಬಿಗಿ ಹಿಡಿಯುತ್ತಿದ್ದ. ಸ್ವಲ್ಪ ಈಥರ್ ಕೊಟ್ಟರೆ ಎರಡು ನಿಮಿಷದ ಕೆಲಸ. ಜೊತೆಗೆ ಬಂದಿದ್ದ ಅವನ ಹೆಂಡತಿ ಲಗಮವ್ವನನ್ನು ಕೇಳಿದೆ.

"ಊಟ ಮಾಡ್ಯಾನೇನವ್ವಾ?"

"ಇಲ್ರಿ ಸಾಹೇಬ್ರ, ಊಟಾ ಎಲ್ಲಿದ್ರಿ, ಹಂಗ ಬಂದೇವಿ."

ಹುಸೇನಸಾಬ ಹನಿ ಬಿಡಲು ಶುರು ಮಾಡಿದ. ಕೀಲು ಒಂದೇ ಎಳೆತಕ್ಕೆ ಕೂಡಿತು. ಆ ಸದ್ದು ಕೇಳಿ ನಾನು ಸಂತೋಷದಿಂದ ತಲೆ ಎತ್ತಿದೆ. ಅದೇ ಹೊತ್ತಿಗೆ ಅವನು ವಾಂತಿ ಮಾಡಿಕೊಂಡ. ರೊಟ್ಟಿಯ ಚೂರು, ಮಜ್ಜಿಗೆ, ಜುಣಕ. ಎಲ್ಲ ಶ್ವಾಸನಾಳಕ್ಕೆ ಇಳಿಯಿತು. ಅವನನ್ನು ಮಗ್ಗುಲಾಗಿಸಿದೆವು, ಬೆರಳು ಹಾಕಿ ತೆಗೆದೆವು, ಕಾಲು ಹಿಡಿದು ಮೇಲೆತ್ತಿದೆವು. ಮೈ ನೀಲಿಯಾಗಿ ಹೋಯಿತು. ಹೆಗಲ ಕೀಲು ತಪ್ಪಿ ಬಂದ ಮನುಷ್ಯ, ಕೀಲು ಸರಿಯಾಗಿ ಸತ್ತ.

ನಮ್ಮ ಕಡೆ ಮುಂಜಾನೆ ತಿನ್ನುವುದಕ್ಕೆ ಊಟ ಎನ್ನುವುದಿಲ್ಲ. ಅದು ನ್ಯಾರಿ. ಲಗಮವ್ವ ಸುಳ್ಳು ಹೇಳಿರಲಿಲ್ಲ. ನ್ಯಾರಿ ಆಗಿತ್ತು, ಊಟ ಆಗಿರಲಿಲ್ಲ. ಕುಲಗೋಡದಲ್ಲಿ ಹುಟ್ಟಿ, ದಿನಾ ನ್ಯಾರಿ ಮಾಡಿ ಸಾಲಿಗೆ ಹೋದವನು ನಾನು. ಪುಣೆಯ ಕೆಲವೇ ವರ್ಷಗಳಲ್ಲಿ ಆ ಮಾತು ನನ್ನ ಬಾಯಿಂದ ಜಾರಿ ಹೋಗಿತ್ತು. ಅಂದಿನಿಂದ ನಾನು "ಉಂಡೀಯೇನು" ಎಂದು ಯಾರನ್ನೂ ಕೇಳಲಿಲ್ಲ. "ಮುಂಜಾನಿಂದ ಏನೇನ ಬಾಯಾಗ ಹಾಕ್ಕೊಂಡಿ, ಹೇಳು" ಎಂದೇ ಕೇಳಿದೆ. ನೀವೂ ಹಾಗೆ ಕೇಳಿ.

ಹೊರಗೆ ಕಟ್ಟೆಯ ಮೇಲೆ ಲಗಮವ್ವ ಅಳುತ್ತಿರಲಿಲ್ಲ. ನನ್ನ ಮುಖ ನೋಡಿ ಕೇಳಿದಳು.

"ನಾ ರೊಟ್ಟಿ ತಿನಿಸಿದ್ದಕ್ಕ ಹಿಂಗಾತೇನ್ರಿ?"

"ಅಲ್ಲವ್ವಾ," ಎಂದೆ. "ತಪ್ಪು ನಂದು. ನಾ ಕೇಳಿದ್ದ ತಪ್ಪು."

ಅವಳಿಗೆ ಅದು ತಿಳಿಯಿತೋ ಇಲ್ಲವೋ. ಹಿಂತಿರುಗುವಾಗ ಬಸ್ಸಿನಲ್ಲಿ ಹುಸೇನಸಾಬ, "ಸಾಹೇಬ್ರ, ಹನಿ ಬಿಟ್ಟವ ನಾ ರೀ" ಎಂದ.

ಇನ್ನೊಂದು ಮಸಗುಪ್ಪಿಯದು. ಕಬ್ಬಿನ ಗಾಣಕ್ಕೆ ಕಬ್ಬು ಕೊಡುವ ಕೂಲಿ ಹೆಣ್ಣುಮಗಳು ಕೆಂಪವ್ವ. ಉರುಳೆಗಳ ನಡುವೆ ಕಬ್ಬಿನ ಜೊತೆ ಬಲಗೈ ಸಿಕ್ಕಿತ್ತು. ಎತ್ತುಗಳನ್ನು ನಿಲ್ಲಿಸುವುದರೊಳಗೆ ಮೊಣಕೈ ಹತ್ತಿರದವರೆಗೆ ಹೋಗಿತ್ತು. ಕೈ ತೆಗೆಯಬೇಕೆಂದು ಹೇಳಿದೆ. ಮೊಣಕೈ ಕಡೆಗೆ ಸರಿದಿದ್ದ ಎರಡು ಹಸಿರು ಬಳೆ ಹೇಗೋ ಒಡೆಯದೆ ಉಳಿದಿದ್ದವು. "ಬಳಿ ಒಡೀಬ್ಯಾಡ್ರಿ, ಗಂಡ ಗಟ್ಟಿ ಅದಾನ್ರಿ" ಎಂದಳು. ಸುಶೀಲಾಬಾಯಿ ಸಬಕಾರ ಹಚ್ಚಿ, ಅವಳಿಗೆ ಮಂಪರು ಹತ್ತಿದ ಮೇಲೆ ನಿಧಾನವಾಗಿ ಬಳೆ ಜಾರಿಸಿ ತೆಗೆದು ಎಡಗೈಗೆ ಹಾಕಿದರು. ಆಮೇಲೆ ನಾನು ಕೈ ತೆಗೆದೆ. ಗಾಯ ಚೆನ್ನಾಗಿ ಮಾಯಿತು. ನಮ್ಮ ಪುಸ್ತಕದ ಪ್ರಕಾರ ಅದು ಯಶಸ್ವಿ ಆಪರೇಶನ್. ಎರಡು ವರ್ಷದ ಮೇಲೆ ಗೋಕಾಕದ ಬಜಾರದಲ್ಲಿ ಅವಳನ್ನು ಕಂಡೆ. ಎಡಗೈ ಚಾಚಿ ಬೇಡುತ್ತಿದ್ದಳು. ನನ್ನನ್ನು ಗುರುತಿಸಿ ಕೈ ಹಿಂದಕ್ಕೆ ತೆಗೆದುಕೊಂಡು, "ಆರಾಮ ಅದೀರೇನ್ರಿ ಸಾಹೇಬ್ರ" ಎಂದಳು. ಗಾಯ ಹೊಲಿದ ಮೇಲೆ ಆ ಮನುಷ್ಯ ಏನು ಮಾಡಿ ಬದುಕುತ್ತಾನೆ ಎಂದು ವಿಚಾರಿಸುವುದನ್ನು ನಮಗೆ ಯಾರೂ ಕಲಿಸಿರಲಿಲ್ಲ. ಕೂಲಿಯ ಬೇರೆ ದಾರಿ ಏನಾದರೂ ನೋಡೋಣವೆಂದು ಮಸಗುಪ್ಪಿಗೆ ಎರಡು ಸಲ ಹೇಳಿ ಕಳಿಸಿದೆ. ಅವಳು ಅಲ್ಲಿಗೆ ಮರಳಿ ಹೋಗಿರಲಿಲ್ಲ.

ಇವೆರಡೂ ನೆನಪಾದಾಗ ನೋವಾಗುತ್ತದೆ. ಆದರೆ ಇನ್ನೊಂದಿದೆ. ಅದನ್ನು ನಾನು ಇಷ್ಟು ವರ್ಷ ಯಾರ ಮುಂದೆಯೂ ಪೂರ್ತಿ ಹೇಳಿಲ್ಲ.

ಘಟಪ್ರಭೆಯ ದಂಡೆಯ ಒಂದು ಊರು. ಹೆಸರು ಬರೆಯುವುದಿಲ್ಲ, ಆ ಮನೆಯವರು ಇದ್ದಾರೆ. ಬೆಳಿಗ್ಗೆ ಹತ್ತರ ಸುಮಾರಿಗೆ ಆ ಊರಿನ ಗೌಡರ ಗಾಡಿ ಬಂದು ದವಾಖಾನೆಯ ಮುಂದೆ ನಿಂತಿತು. ಗೌಡರ ಸೊಸೆ ಶಿವಕ್ಕ. ಇಪ್ಪತ್ತು ತುಂಬಿರಲಿಕ್ಕಿಲ್ಲ. ಹಿಂದಿನ ದಿನದಿಂದ ಹೆರಿಗೆ ನೋವು. ಸುಶೀಲಾಬಾಯಿ ಒಳಗೆ ನೋಡಿ ಬಂದು ಹೇಳಿದರು: ಕೂಸಿನ ತಲೆ ಸಿಕ್ಕಿಕೊಂಡಿದೆ, ಎದೆಬಡಿತ ಇನ್ನೂ ಇದೆ, ತಾಯಿ ಸೋತಿದ್ದಾಳೆ. ಕೊಯ್ಯಬೇಕು, ಈಗಲೇ. ಅಂಥ ಆಪರೇಶನ್ನುಗಳನ್ನು ಆ ಹೊತ್ತಿಗೆ ನಾನು ಅದೇ ಮೇಜಿನ ಮೇಲೆ ಹಲವು ಮಾಡಿದ್ದೆ. ನೀರು ಕುದಿಯಲು ಇಟ್ಟೆವು.

ಒಪ್ಪಿಗೆಯ ಕಾಗದ ಹಿಡಿದು ಹೊರಗೆ ಬಂದೆ. ಗೌಡರು ಬಿಳಿ ರುಮಾಲಿನ ಹಿರಿಯರು. ಪಕ್ಕದಲ್ಲಿ ಅವರ ಮಗ, ಶಿವಕ್ಕನ ಗಂಡ ಬಸಗೌಡ. ನನಗಿಂತ ಸಣ್ಣವನು.

"ಕೊಯ್ಯಾವ್ರು ಯಾರು?" ಗೌಡರು ಕೇಳಿದರು.

"ನಾನ ರೀ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀ ಕುಲಗೋಡ ಸಿದ್ದಪ್ಪನ ಮಗಾ ಅಲ್ಲೇನು?"

"ಹೌದ್ರಿ."

"ನಿಮ್ಮಪ್ಪ ನಮ್ಮ ಬಾವಿಗೆ ಚೀಲಾ ಹೊಲ್ಯಾಕ ಬರ್ತಿದ್ದ. ಭಾಳ ಚಲೋ ಮನಿಷ್ಯಾ." ಧ್ವನಿಯಲ್ಲಿ ಬಿರುಸು ಇರಲಿಲ್ಲ. ಸ್ವಲ್ಪ ತಡೆದು ಹೇಳಿದರು: "ಮಿರಜಿಗೆ ಒಂದು ಚೀಟಿ ಬರದು ಕೊಡು."

ನಾನು ಬುದ್ಧನ ದಾರಿಗೆ ಬಂದು ಆಗಲೇ ಎರಡು ವರ್ಷವಾಗಿತ್ತು. ಹುಟ್ಟಿದ ಕೇರಿಯ ಹೆಸರು ಹಿಡಿದು ಯಾರೂ ನನ್ನನ್ನು ಅಳೆಯಲಾರರು ಎಂದು ನಂಬಿದ್ದೆ.

"ಮಿರಜಿನ ತನಕಾ ತಡಿಯೂದಿಲ್ರಿ ಗೌಡ್ರ," ಎಂದೆ.

"ಅದನ್ನ ನಾವು ನೋಡ್ಕೋತೀವಿ."

ಬಸಗೌಡ ಒಂದು ಹೆಜ್ಜೆ ಮುಂದೆ ಬಂದ. ಏನೋ ಹೇಳಲು ಬಾಯಿ ತೆರೆದು ತಂದೆಯ ಕಡೆ ನೋಡಿ ನಿಂತುಬಿಟ್ಟ. ಆಮೇಲೆ ನನ್ನ ಕಡೆ ನೋಡಿದ. ಇನ್ನೊಂದು ಮಾತು ಹೇಳ್ರಿ ಎಂದು ಅವನ ಕಣ್ಣು ಕೇಳುತ್ತಿತ್ತು. ನನಗೆ ಅದು ಕಾಣಿಸಿತ್ತು. ಕಾಣಿಸಲಿಲ್ಲ ಎಂದು ಹೇಳುವಂತಿಲ್ಲ.

ನಾನು ಒಳಗೆ ಹೋಗಿ ಚೀಟಿ ಬರೆಯಲು ಕುಳಿತೆ. ಹೆರಿಗೆ ಕೋಣೆಯ ಬಾಗಿಲು ತೆರೆದಿತ್ತು. ಶಿವಕ್ಕ ಸುಶೀಲಾಬಾಯಿಯ ಸೆರಗು ಹಿಡಿದಿದ್ದಳು. "ಇಲ್ಲೇ ಮಾಡ್ರೆವ್ವಾ. ಯಾರರ ಮಾಡ್ಲಿ. ನನಗ ಇನ್ನ ಗಾಡ್ಯಾಗ ಮಲಗಾಕ ಆಗೂದಿಲ್ಲ."

ಸುಶೀಲಾಬಾಯಿ ನನ್ನ ಮೇಜಿನ ಹತ್ತಿರ ಬಂದರು. "ಸಾಹೇಬ್ರ, ಇನ್ನೊಮ್ಮೆ ಹೇಳ್ರಿ ಅವ್ರಿಗೆ."

"ಒಮ್ಮೆ ಹೇಳೇನಿ," ಎಂದೆ.

ಚೀಟಿ ಬರೆದೆ. ಅಕ್ಷರ ದುಂಡಗೆ ಬಂದಿತ್ತು. ಗಾಡಿ ಹೋಯಿತು.

ಮರುದಿನ ಆ ಕಡೆಯಿಂದ ಬಂದ ಬಸ್ಸಿನ ಡ್ರೈವರ್ ಹುಸೇನಸಾಬನಿಗೆ ಸುದ್ದಿ ಹೇಳಿದ. ಸ್ಟೇಶನ್ನು ಮುಟ್ಟಿರಲಿಲ್ಲ. ದಾರಿಯಲ್ಲೇ ಜೀವ ಹೋಗಿತ್ತು. ಗಾಡಿ ತಿರುಗಿಸಿ ಊರಿಗೆ ಒಯ್ದಿದ್ದರು. ಕೂಸು ಹೊಟ್ಟೆಯಲ್ಲೇ.

ನಮ್ಮ ದೊಡ್ಡ ಸಾಹೇಬರು, ಅಂದರೆ ದವಾಖಾನೆಯ ಮುಖ್ಯ ವೈದ್ಯರು, ನಿವೃತ್ತಿಗೆ ಹತ್ತಿರವಾದವರು. ಮಾತು ಕಡಿಮೆ. ನನ್ನನ್ನು ಕರೆಸಿ ಕಾಗದ ನೋಡಿದರು. "ನಿನ್ನ ಮ್ಯಾಲೆ ಯಾರೂ ಬೆರಳು ತೋರ್ಸಾಕ ಬರಂಗಿಲ್ಲ. ಒಪ್ಪಿಗಿ ಕೊಡಲಿಲ್ಲ, ನೀ ಕಳಿಸ್ದಿ." ಕಾಗದ ಮಡಿಚಿಟ್ಟರು. "ನಾ ಬಾಜೂ ಖೋಲ್ಯಾಗ ಇದ್ನಲ್ಲಪಾ. ನನ್ನ ಯಾಕ ಕರೀಲಿಲ್ಲ?"

ಸಾಹೇಬರು ಗೌಡರ ಸಮಾಜದವರೇ. ಅವರು ಎದ್ದು ಬಂದು, ನಾನೇ ಮಾಡುತ್ತೇನೆ ಎಂದು ಒಂದು ಮಾತು ಹೇಳಿದ್ದರೆ ಗೌಡರು ಒಪ್ಪುತ್ತಿದ್ದರು. ಒಳಗೆ ಬಾಗಿಲು ಹಾಕಿಕೊಂಡು ಚಾಕು ಹಿಡಿಯುವವನು ನಾನೇ ಆಗಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಉಪಾಯ ನನಗೆ ಹೊಳೆಯಲಿಲ್ಲ ಎಂದಲ್ಲ. ಚೀಟಿ ಬರೆಯುವಾಗಲೇ ಹೊಳೆದಿತ್ತು. ಬೇರೆಯವರ ಹೆಸರಿನಲ್ಲಿ ಅಡಗಿ ಕೊಯ್ಯುವ ದರ್ದು ನನಗೇಕೆ ಎನಿಸಿತು. ಅವಮಾನ ನನಗೆ ಆಗಿದ್ದು ಖರೆ. ಆ ಅವಮಾನ ಮಾಡಿದವರು ತಪ್ಪು ಮಾಡಿದ್ದೂ ಖರೆ. ಆದರೆ ಆ ಹೊತ್ತಿನಲ್ಲಿ ಸಾಯುತ್ತಿದ್ದವಳು ಶಿವಕ್ಕ. ಅವಳು ನನ್ನನ್ನು ಬೇಡ ಎಂದಿರಲಿಲ್ಲ.

ಆ ಮೇಲೆ ನನ್ನ ನಡವಳಿಕೆ ಬದಲಾಯಿತು. ಯಾರಾದರೂ ನನ್ನ ಕೈ ಬೇಡ ಎಂದರೆ ಕೂತು ಮಾತಾಡಿದೆ. ಬೈದರೆ ಬೈಸಿಕೊಂಡೆ. ಕೆಲವು ಸಲ ಸಾಹೇಬರನ್ನು ಮುಂದೆ ನಿಲ್ಲಿಸಿ, ಒಳಗೆ ನಾನು ಮಾಡಿದೆ. ನಮ್ಮ ಕೇರಿಯ ಗೆಳೆಯರಿಗೆ ಇದು ಸರಿ ಕಾಣಲಿಲ್ಲ. ಇಷ್ಟು ಓದಿ ಬಂದು ಅವರ ಮುಂದೆ ಮತ್ತೆ ತಲೆ ಬಾಗಿಸುತ್ತೀಯಾ ಎಂದು ಕೇಳಿದರು. ಅವರ ಮಾತು ತಪ್ಪೆಂದು ನಾನು ಹೇಳಲಾರೆ. ಈ ದಾರಿ ಹಿಡಿಯಿರಿ ಎಂದು ಈಗಿನವರಿಗೆ ಹೇಳುವ ಧೈರ್ಯವೂ ನನಗಿಲ್ಲ. ನಾನು ಏನು ಮಾಡಿದೆ ಎಂಬುದನ್ನಷ್ಟೇ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ನಂತರ ನನಗೆ ಹುಕ್ಕೇರಿಗೆ ವರ್ಗವಾಯಿತು. ಅಷ್ಟರಲ್ಲಿ ಕೆಲಸದ ರೀತಿ ಬದಲಾಗಿತ್ತು. ಬೆನ್ನಿಗೆ ಸೂಜಿ ಚುಚ್ಚಿ ಸೊಂಟದ ಕೆಳಗಷ್ಟೇ ಮರಗಟ್ಟಿಸುವುದನ್ನು ನಾನು ಹೆಚ್ಚು ಬಳಸತೊಡಗಿದ್ದೆ. ರೋಗಿ ಎಚ್ಚರವಾಗಿರುತ್ತಾನೆ, ವಾಂತಿಯ ಹೆದರಿಕೆ ಕಡಿಮೆ. ಆದರೆ ಅವನು ಮಾತಾಡುತ್ತಾನೆ. ಚಾಕು ಕೈಯಲ್ಲಿರುವಾಗ ರೋಗಿಯ ಮಾತು ಕೇಳುವುದು ನನಗೆ ಹೊಸದು.

ಒಂದು ಮಧ್ಯಾಹ್ನ ಎತ್ತಿನ ವ್ಯಾಪಾರಕ್ಕೆ ಹುಕ್ಕೇರಿಗೆ ಬಂದಿದ್ದ ಒಬ್ಬನನ್ನು ಅವನ ಜೊತೆಯವರು ಹೊತ್ತು ತಂದರು. ತೊಡೆಸಂದಿನಲ್ಲಿ ಕರುಳು ಇಳಿದು ಸಿಕ್ಕಿಕೊಂಡಿತ್ತು. ಹೊಟ್ಟೆ ಉಬ್ಬಿತ್ತು. ಮುಖ ನೋಡಿದೆ. ಬಸಗೌಡ. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು.

ಅವನೂ ಗುರುತು ಹಿಡಿದ. "ನೀವ... ಗೋಕಾಕದಾಗ ಇದ್ರಿ."

"ಹೌದ್ರಿ. ಈಗಿಂದೀಗ ಕೊಯ್ಯಬೇಕು." ಅಷ್ಟಕ್ಕೇ ಬಿಡಬೇಕಾಗಿತ್ತು. ಬಾಯಿ ತಡೆಯಲಿಲ್ಲ. "ನನ್ನ ಕೈಲೆ ನಡೀತೈತೇನ್ರಿ?"

ನೋವಿನಲ್ಲಿ ಒದ್ದಾಡುವವನನ್ನು ಆ ಮಾತು ಕೇಳಿದ್ದಕ್ಕೆ ನನಗೆ ಇಂದಿಗೂ ನಾಚಿಕೆಯಿದೆ. ಅವನು ಕಣ್ಣು ಮುಚ್ಚಿದ.

"ಅವ್ವನ ಆಣಿ ರೀ. ನನಗ ಆವತ್ತೂ ನಡೀತಿತ್ತು."

ಮೇಜಿನ ಮೇಲೆ ಮಲಗಿಸಿ ಬೆನ್ನಿಗೆ ಸೂಜಿ ಕೊಟ್ಟೆ. ಕರುಳು ಕಪ್ಪಾಗಿತ್ತು. ಬಿಸಿ ಅರಿವೆ ಸುತ್ತಿ ಕಾದೆ. ನಿಧಾನವಾಗಿ ಕೆಂಪು ಬಣ್ಣ ತಿರುಗಿತು. ಕತ್ತರಿಸುವ ಪ್ರಸಂಗ ಬರಲಿಲ್ಲ. ಆ ಹೊತ್ತಿಗೆ ಪರದೆಯ ಆಚೆಯಿಂದ ಅವನ ಧ್ವನಿ ಬಂತು.

"ಆವತ್ತ ನೀವು ಮಾಡಿದ್ರ ಆಕಿ ಉಳೀತಿದ್ಲೇನ್ರಿ?"

"ಮಾತಾಡಬ್ಯಾಡ್ರಿ. ಹೊಟ್ಟಿ ಬಿಗೀತೈತಿ."

ಅವನು ಮತ್ತೆ ಕೇಳಲಿಲ್ಲ. ಮುಂದಿನ ದಿನಗಳಲ್ಲಿ ಪಟ್ಟಿ ಬದಲಿಸಲು ಹೋದಾಗಲೂ ಕೇಳಲಿಲ್ಲ. ಅವನ ತಂದೆ ತೀರಿಹೋಗಿದ್ದರು, ಅವನಿಗೆ ಬೇರೆ ಮದುವೆಯಾಗಿ ಎರಡು ಮಕ್ಕಳಿದ್ದವು ಎಂಬುದು ಅವನ ಜೊತೆಯವರಿಂದ ತಿಳಿಯಿತು.

ಎಂಟನೆಯ ದಿನ ಹೊಲಿಗೆ ಬಿಚ್ಚಲು ಕುಳಿತೆ. ಕೋಣೆಯಲ್ಲಿ ನಾವಿಬ್ಬರೇ. ಅರ್ಧ ಹೊಲಿಗೆ ತೆಗೆದ ಮೇಲೆ ಕತ್ತರಿ ಕೆಳಗಿಟ್ಟೆ.

"ಆವತ್ತ ನೀವು ಕೇಳಿದ್ದಕ್ಕ ನಾ ಉತ್ತರಾ ಕೊಡ್ಲಿಲ್ಲ."

"ಬ್ಯಾಡ ಬಿಡ್ರಿ ಸಾಹೇಬ್ರ."

"ಉಳೀತಿದ್ಲು. ಕೂಸೂ ಉಳೀತಿತ್ತು ಅನಸ್ತೈತಿ."

ಅವನು ಜಂತಿಯ ಕಡೆ ನೋಡುತ್ತ ಮಲಗಿದ್ದ. "ನಾ ಅಪ್ಪಗ ಹೆದರಿದ್ನಿ. ನೀವ್ಯಾಕ ಸುಮ್ಮನಾದ್ರಿ?"

"ಸಿಟ್ಟು ಬಂದಿತ್ರಿ."

"ಬರೂದ ರೀ," ಎಂದ. "ಯಾರಿಗಾದ್ರೂ ಬರತೈತಿ."

ಅವನು ಹಾಗೆ ಹೇಳಿದ್ದು ನನಗೆ ತಡೆಯಲಾಗಲಿಲ್ಲ. ಉಳಿದದ್ದನ್ನೂ ಹೇಳಿಬಿಡಬೇಕು ಎನಿಸಿತು. "ಇನ್ನೊಂದ ಐತಿ, ಬಸಗೌಡ್ರ. ಆಕಿ ಒಳಗ, ಇಲ್ಲೇ ಮಾಡ್ರಿ, ಯಾರರ ಮಾಡ್ಲಿ ಅಂದಿದ್ಲು. ನನಗ ಗೊತ್ತಿದ್ದೂ ನಾ ಹೊರಗ ಬಂದು ನಿಮಗ ಹೇಳ್ಲಿಲ್ಲ."

ಬಸಗೌಡ ತಲೆ ಹೊರಳಿಸಿ ನನ್ನನ್ನು ನೋಡಿದ.

"ಕೇಳಸಿತ್ರಿ ನನಗ," ಎಂದ. "ಬಾಗಲದಾಗ ನಿಂತಿದ್ನಿ."

ನಾನು ಕತ್ತರಿ ಎತ್ತಿಕೊಂಡೆ. ಉಳಿದ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿದೆ. ಗಾಯ ಚೆನ್ನಾಗಿ ಮಾಯ್ದಿತ್ತು.